ಪ್ರಬಂಧದಲ್ಲಿ ಪದ ಕೈಕೊಟ್ಟಾಗ: ದೋಷ ಎಲ್ಲಿದೆ, ಹೇಗೆ ಹುಡುಕುವುದು

ಕರಡು ಅಧ್ಯಾಯ ವಾಪಸ್ ಬಂದಿದೆ. ಅಂಚಿನಲ್ಲಿ ಗೈಡ್ ಕೆಂಪು ಪೆನ್ನಿನಲ್ಲಿ ‘ಅಸ್ಪಷ್ಟ’, ‘ಯಾರು?’, ‘ಹಾಗಂದರೆ?’ ಎಂದು ಗೀಚಿದ್ದಾರೆ. ವಾದ ಸರಿಯಾಗಿಯೇ ಇದೆಯಲ್ಲ, ಭಾಷೆ ಸ್ವಲ್ಪ ತಿದ್ದಿದರೆ ಆಯ್ತು ಅಂತ ನಿಮಗನಿಸುತ್ತದೆ. ನಿಘಂಟು ತೆಗೆಯುತ್ತೀರಿ. ‘ಪ್ರಭಾವ’ ಇದ್ದ ಕಡೆ ‘ಗಾಢ ಪರಿಣಾಮ’ ಬರುತ್ತದೆ. ‘ಸಮಸ್ಯೆ’ ಹೋಗಿ ‘ಬಿಕ್ಕಟ್ಟು’ ಬರುತ್ತದೆ. ಮುಂದಿನ ವಾರ ಮತ್ತೆ ಅದೇ ಅಧ್ಯಾಯ, ಅದೇ ಕೆಂಪು ಗುರುತು.

ಬೆಂಗಳೂರಿನ ಎಂಎ, ಪಿಎಚ್‌ಡಿ ವಿದ್ಯಾರ್ಥಿಗಳ ಕನ್ನಡ ಕರಡುಗಳನ್ನು ತಿದ್ದುವುದು ನನ್ನ ಕೆಲಸ. ಪದ ಮಸುಕಾಗಿರುವ ಕಡೆಯಲ್ಲೆಲ್ಲ ಬರೆದವರು ಏನನ್ನೋ ತೀರ್ಮಾನಿಸದೆ ಬಿಟ್ಟಿರುತ್ತಾರೆ. ಯಾರು ಮಾಡಿದ್ದು, ಎಷ್ಟು, ಯಾವಾಗ, ಯಾವುದರಿಂದ ಯಾವುದಾಯಿತು? ಇವುಗಳಲ್ಲಿ ಒಂದಕ್ಕೆ ಅವರ ಹತ್ತಿರ ಉತ್ತರ ಇರುವುದಿಲ್ಲ. ಆ ತೂತಿನ ಮೇಲೆ ಒಂದು ದೊಡ್ಡ ಪದ ಕೂತಿರುತ್ತದೆ. ಅದನ್ನು ಎತ್ತಿ ಇನ್ನೊಂದು ಪದ ಕೂರಿಸಿದರೆ ತೂತು ಮುಚ್ಚುವುದಿಲ್ಲ. ಉತ್ತರ ಸಿಕ್ಕಿದರೆ ಪದ ತಾನಾಗಿ ಸಿಗುತ್ತದೆ, ಎಷ್ಟೋ ಸಲ ಅದು ಮನೆಯಲ್ಲಿ ಆಡುವ ಮಾತೇ ಆಗಿರುತ್ತದೆ. ಗಾಡಿ ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ ಮೊದಲು ಪೆಟ್ರೋಲ್ ಇದೆಯಾ ಅಂತ ನೋಡುತ್ತಾನೆ, ಎಂಜಿನ್ ಬಿಚ್ಚುವುದು ಆಮೇಲೆ. ಇಲ್ಲೂ ನಿಘಂಟಿನ ಸರದಿ ಕೊನೆಗೆ.

ಪರೀಕ್ಷೆಗೆ ಒಂದು ಪ್ಯಾರಾ

ಇದು ನಾನೇ ಕಟ್ಟಿದ ಮಾದರಿ. ಆದರೆ ಇಂಥ ಪ್ಯಾರಾ ಯಾವ ಕಾಲೇಜಿನ ಕರಡಿನಲ್ಲಾದರೂ ಸಿಗುತ್ತದೆ.

“ಇತ್ತೀಚಿನ ದಿನಗಳಲ್ಲಿ ಬೆಂಗಳೂರು ಅತ್ಯಂತ ವೇಗವಾಗಿ ಬೆಳೆಯುತ್ತಿದೆ. ನಗರೀಕರಣದಿಂದ ಕೆರೆಗಳ ಮೇಲೆ ತೀವ್ರ ಪ್ರಭಾವ ಉಂಟಾಗಿದೆ. ಒತ್ತುವರಿಯಿಂದ ಅನೇಕ ಕೆರೆಗಳನ್ನು ನಾಶಪಡಿಸಲಾಗಿದೆ. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಿರುವುದು ಇದನ್ನು ಸಾಬೀತುಪಡಿಸುತ್ತದೆ. ಆದ್ದರಿಂದ ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು.”

ಕಾಗುಣಿತ ಸರಿ, ವ್ಯಾಕರಣ ಸರಿ. ಓದಿದವರು ಯಾರೂ ಇಲ್ಲ ಅನ್ನುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಇಲ್ಲ ಅನ್ನುವುದಕ್ಕೆ ಈ ಪ್ಯಾರಾದಲ್ಲಿ ಏನೂ ಹೇಳಿಲ್ಲ. ಒಂದೊಂದಾಗಿ ಬಿಚ್ಚೋಣ.

ಲಕ್ಷಣ: ಹೆಸರಿದೆ, ಗಡಿ ಇಲ್ಲ

‘ಬೆಂಗಳೂರು’ ಅಂದರೆ ಯಾವುದು? ತಮಾಷೆಗೆ ಕೇಳುತ್ತಿಲ್ಲ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96.21 ಲಕ್ಷ. ಅದೇ ಗಣತಿಯಲ್ಲಿ ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ವ್ಯಾಪ್ತಿಯ ಜನಸಂಖ್ಯೆ 84.43 ಲಕ್ಷ. ಹತ್ತಿರ ಹತ್ತಿರ 12 ಲಕ್ಷ ಜನರ ವ್ಯತ್ಯಾಸ. ಒಂದು ಅಧ್ಯಾಯದಲ್ಲಿ ಜಿಲ್ಲೆಯ ಅಂಕಿ, ಮುಂದಿನ ಅಧ್ಯಾಯದಲ್ಲಿ ಪಾಲಿಕೆಯ ಅಂಕಿ ಹಾಕಿ ಎರಡಕ್ಕೂ ಸುಮ್ನೆ ‘ಬೆಂಗಳೂರು’ ಎಂದು ಬರೆದರೆ, ಹನ್ನೆರಡು ಲಕ್ಷ ಜನ ಎಲ್ಲೋ ಮಾಯವಾದಂತೆ ಕಾಣುತ್ತದೆ. ಈಗ ಇನ್ನೊಂದು ತೊಡಕು ಸೇರಿಕೊಂಡಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ಇನ್ನು ಮೇಲೆ ‘ಪಾಲಿಕೆ’ ಎಂದಷ್ಟೇ ಬರೆದರೆ ಯಾವ ವರ್ಷದ್ದು, ಯಾವ ಪಾಲಿಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ.

‘ಬೆಳೆಯುತ್ತಿದೆ’ ಎಂಬುದೂ ಇದೇ ಜಾತಿಯ ದೋಷ. ಬೆಳೆದದ್ದು ಜನಸಂಖ್ಯೆಯಾ, ವಿಸ್ತೀರ್ಣವಾ, ವಾಹನಗಳ ಸಂಖ್ಯೆಯಾ, ವ್ಯಾಪಾರವಾ? ಕೈಯಲ್ಲಿರುವುದು 2001 ಮತ್ತು 2011ರ ಗಣತಿಯ ಅಂಕಿಗಳಾದರೆ ‘ಬೆಳೆಯುತ್ತಿದೆ’ ಎಂದು ವರ್ತಮಾನದಲ್ಲಿ ಬರೆಯುವುದಕ್ಕೆ ಆಧಾರ ಎಲ್ಲಿದೆ? ‘ಬೆಳೆಯಿತು’ ಅನ್ನಬಹುದು, ಅಷ್ಟೇ. ಕ್ರಿಯಾಪದದ ಕಾಲವೂ ಪದದ ಆಯ್ಕೆಯೇ. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ.

ಪರೀಕ್ಷೆ ಸುಲಭ. ವಾದ ಯಾವ ನಾಮಪದದ ಮೇಲೆ ನಿಂತಿದೆಯೋ ಅದರ ಹಿಂದೆ ‘ಯಾವ’ ಸೇರಿಸಿ ಓದಿ. ಎಲ್ಲ ನಾಮಪದಗಳಿಗೂ ಹೀಗೆ ಮಾಡಲು ಹೋದರೆ ಪ್ರಬಂಧ ಸರ್ಕಾರಿ ಗೆಜೆಟ್ ಆಗಿಬಿಡುತ್ತದೆ. ವಾದದ ಭಾರ ಹೊತ್ತವಕ್ಕೆ ಮಾತ್ರ ಸಾಕು.

ಲಕ್ಷಣ: ಕೆಲಸ ಆಗಿದೆ, ಮಾಡಿದವರು ಕಾಣೆ

ಕನ್ನಡ ಸಂಶೋಧನಾ ಬರಹದಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ‘ನಾಶಪಡಿಸಲಾಗಿದೆ’, ‘ಕಡೆಗಣಿಸಲಾಯಿತು’, ‘ಅಂಚಿಗೆ ತಳ್ಳಲ್ಪಟ್ಟಿದ್ದಾರೆ’. ಹೀಗೆ ಬರೆದರೆ ಬರಹಕ್ಕೆ ಗಾಂಭೀರ್ಯ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆಡುಮಾತಿನಲ್ಲಿ ಯಾರೂ ‘ನನ್ನಿಂದ ಊಟ ಮಾಡಲಾಯಿತು’ ಅನ್ನುವುದಿಲ್ಲ. ಪ್ರಬಂಧದಲ್ಲಿ ಮಾತ್ರ ಎಲ್ಲವೂ ತಾನಾಗಿ ಮಾಡಲ್ಪಡುತ್ತದೆ!

ಮಾದರಿಯ ಮೂರನೆಯ ವಾಕ್ಯಕ್ಕೆ ಕರ್ತೃವನ್ನು ಹುಡುಕಿ. ಯಾವ ಕೆರೆ, ಯಾರು ನಾಶ ಮಾಡಿದರು? ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣ ಇರುವ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಸಂಪಂಗಿ ಕೆರೆಯ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಅಕ್ಕಿತಿಮ್ಮನಹಳ್ಳಿ ಕೆರೆಯ ಅಂಗಳದಲ್ಲಿ ಹಾಕಿ ಆಡುತ್ತಾರೆ. ಈ ಜಾಗಗಳಿಗೆ ಯಾರೋ ರಾತ್ರೋರಾತ್ರಿ ಬೇಲಿ ಹಾಕಿಕೊಳ್ಳಲಿಲ್ಲ. ಅವುಗಳ ಬಳಕೆಯನ್ನು ಬದಲಿಸಿದ್ದು ಆಡಳಿತ.

ಅಂದರೆ ‘ಒತ್ತುವರಿ’ ಎಂಬ ಪದ ಇಲ್ಲಿ ತಪ್ಪು. ಒತ್ತುವರಿ ಅಂದರೆ ತನ್ನದಲ್ಲದ ಜಾಗವನ್ನು ಅಕ್ರಮವಾಗಿ ಹಿಡಿದುಕೊಳ್ಳುವುದು. ಆಡಳಿತವೇ ತೀರ್ಮಾನ ಮಾಡಿ ಬಸ್ ನಿಲ್ದಾಣ ಕಟ್ಟಿದ್ದು ಒತ್ತುವರಿಯಾಗುವುದಿಲ್ಲ. ಅದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ‘ಬಳಕೆ ಬದಲಾವಣೆ’ ಎಂದು ಬರೆಯಿರಿ. ‘ಕೆರೆ ಮುಚ್ಚಿದರು’ ಎಂದರೆ ಇನ್ನೂ ನೇರ. ಈಗ ಏನಾಯಿತು ನೋಡಿ. ‘ಒತ್ತುವರಿ’ ಇದ್ದಾಗ ಆರೋಪಿ ಭೂಗಳ್ಳ, ಕಾಪಾಡಬೇಕಾದದ್ದು ಸರ್ಕಾರ. ಪದ ಬದಲಾದ ಕೂಡಲೇ ಸರ್ಕಾರವೇ ಕಟಕಟೆಗೆ ಬಂದು ನಿಂತಿತು. ಕೊನೆಯ ವಾಕ್ಯದ ‘ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂಬುದು ಈಗ ಹಾಸ್ಯದಂತೆ ಕೇಳುತ್ತದೆ, ಅಲ್ವಾ?

‘ನಾಶ’ವನ್ನೂ ಬಿಡಿಸಬೇಕು. ಕೆರೆಯನ್ನು ಮಣ್ಣು ಹಾಕಿ ಮುಚ್ಚಬಹುದು, ಅಂಚನ್ನು ಒತ್ತಬಹುದು, ನೀರು ಬರುವ ಕಾಲುವೆ ಕಡಿಯಬಹುದು, ಕೊಳಚೆ ಬಿಟ್ಟು ಕೆಡಿಸಬಹುದು, ಹೂಳು ತುಂಬಲು ಬಿಡಬಹುದು. ಐದಕ್ಕೂ ಕಾರಣ ಬೇರೆ, ಹೊಣೆಗಾರರು ಬೇರೆ, ಪರಿಹಾರ ಬೇರೆ. ಇಷ್ಟನ್ನೂ ‘ನಾಶ’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಚರ್ಚೆ ಮುಂದಕ್ಕೆ ಹೋಗುವುದಿಲ್ಲ.

ಕರ್ತೃ ನಿಜವಾಗಿಯೂ ಗೊತ್ತಿಲ್ಲದಿದ್ದರೆ ಅಥವಾ ಮುಖ್ಯವಲ್ಲದಿದ್ದರೆ ‘-ಲಾಗಿದೆ’ ಇರಲಿ. ‘ಈ ಶಾಸನವನ್ನು ಕಣಶಿಲೆಯಲ್ಲಿ ಕೆತ್ತಲಾಗಿದೆ’ ಎಂಬಲ್ಲಿ ಯಾವ ದೋಷವೂ ಇಲ್ಲ.

ಲಕ್ಷಣ: ‘ಇಂದ’ ಎಲ್ಲ ಕೆಲಸವನ್ನೂ ಮಾಡುತ್ತಿದೆ

ಈ ಪ್ರತ್ಯಯ ನಮಗೆ ಬಹಳ ಸಲೀಸು. ಮೆಜೆಸ್ಟಿಕ್‌ನಿಂದ ಬಂದೆ. ಸೋಮವಾರದಿಂದ ಜ್ವರ. ಚಾಕುವಿನಿಂದ ಕತ್ತರಿಸು. ಮಳೆಯಿಂದ ರಸ್ತೆ ಹಾಳಾಯಿತು. ಹೊರಟ ಜಾಗ, ಶುರುವಾದ ಸಮಯ, ಬಳಸಿದ ಸಾಧನ, ಕಾರಣ, ನಾಲ್ಕಕ್ಕೂ ಅದೇ. ಮಾತಿನಲ್ಲಿ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ವಾದದಲ್ಲಿ ಇದೇ ಸಲೀಸು ಕುತ್ತಿಗೆಗೆ ಬರುತ್ತದೆ. ‘ಮೆಟ್ರೋ ಬಂದಾಗಿನಿಂದ ಬಸ್ ಪ್ರಯಾಣಿಕರು ಕಡಿಮೆಯಾಗಿದ್ದಾರೆ’ ಎಂದು ಬರೆದವರು ಸಮಯ ಹೇಳುತ್ತಿದ್ದಾರೋ ಕಾರಣ ಹೇಳುತ್ತಿದ್ದಾರೋ? ಓದುಗರು ಕಾರಣ ಎಂದೇ ಓದಿಕೊಳ್ಳುತ್ತಾರೆ. ಪ್ರಶ್ನೆ ಎದ್ದರೆ ‘ನಾನು ಸಮಯ ಹೇಳಿದ್ದು’ ಎಂದು ಬರೆದವರು ಜಾರಿಕೊಳ್ಳಬಹುದು. ಮೌಖಿಕ ಪರೀಕ್ಷೆಯಲ್ಲಿ ಈ ಆಟ ನಡೆಯುವುದಿಲ್ಲ.

ಪರೀಕ್ಷೆ: ‘ಇಂದ’ ತೆಗೆದು ಮೂರು ಪದಗಳನ್ನು ಒಂದಾದ ಮೇಲೆ ಒಂದು ಹಾಕಿ ನೋಡಿ. ‘ಆದ ನಂತರ’, ‘ಜೊತೆಜೊತೆಗೆ’, ‘ಆದ ಕಾರಣಕ್ಕೆ’. ನಿಮ್ಮ ಹತ್ತಿರ ಇರುವ ಮಾಹಿತಿ ಎಲ್ಲಿಯವರೆಗೆ ಒಪ್ಪುತ್ತದೋ ಅಲ್ಲಿಗೆ ನಿಲ್ಲಿ. ಮಾದರಿಯ ‘ನಗರೀಕರಣದಿಂದ ಪ್ರಭಾವ’ ಈ ಪರೀಕ್ಷೆಯಲ್ಲಿ ಮೊದಲ ಮೆಟ್ಟಿಲನ್ನೂ ದಾಟುವುದಿಲ್ಲ. ನಗರೀಕರಣ ಒಬ್ಬ ವ್ಯಕ್ತಿಯಲ್ಲ, ಒಂದು ದಿನ ನಡೆದ ಘಟನೆಯೂ ಅಲ್ಲ. ‘ಪ್ರಭಾವ’ಕ್ಕೋ ದಿಕ್ಕೇ ಇಲ್ಲ. ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ, ಹೆಚ್ಚಿತೋ ತಗ್ಗಿತೋ ತಿಳಿಯದು. ನನ್ನ ಪ್ರಕಾರ ‘ಪ್ರಭಾವ ಬೀರಿದೆ’ ಎಂಬುದನ್ನು ಒಂದು ವರ್ಷ ಎಲ್ಲ ವಿಭಾಗಗಳಲ್ಲೂ ನಿಷೇಧಿಸಿ ನೋಡಬೇಕು.

ಲಕ್ಷಣ: ಒಂದೇ ವಿಷಯಕ್ಕೆ ಮೂರು ಹೆಸರು

‘ಒಂದೇ ಪದವನ್ನು ಮತ್ತೆ ಮತ್ತೆ ಬಳಸಬೇಡಿ’ ಎಂದು ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಕಥೆಗೆ, ಭಾಷಣಕ್ಕೆ ಅದು ಸರಿ. ಪ್ರಬಂಧದಲ್ಲಿ ಈ ಅಭ್ಯಾಸ ಮಾಡುವ ಹಾನಿ ಅಷ್ಟಿಷ್ಟಲ್ಲ. ಈ ಮಾದರಿ ನೋಡಿ:

“ವಲಸಿಗರು ಬೆಂಗಳೂರಿನ ಭಾಷಿಕ ಸ್ವರೂಪವನ್ನು ಬದಲಿಸಿದ್ದಾರೆ. ಹೊರಗಿನವರು ಕನ್ನಡ ಕಲಿಯುತ್ತಿಲ್ಲ. ಪರಭಾಷಿಕರ ಸಂಖ್ಯೆ ದಿನೇ ದಿನೇ ಏರುತ್ತಿದೆ.”

ಬರೆದವರ ತಲೆಯಲ್ಲಿ ಮೂರೂ ಒಂದೇ ಗುಂಪು. ಆದರೆ ಯಾದಗಿರಿಯಿಂದ ಬಂದು ಕಟ್ಟಡದ ಕೆಲಸ ಮಾಡುವವರು ವಲಸಿಗರು. ಅವರು ಕನ್ನಡದವರೇ. ನಮ್ಮಲ್ಲಿ ಕೆಲವರಿಗಿಂತ ಒಳ್ಳೆಯ ಕನ್ನಡ ಆಡುತ್ತಾರೆ. ಹಲಸೂರಿನಲ್ಲಿ ತಲೆಮಾರುಗಳಿಂದ ಇರುವ ತಮಿಳು ಮನೆಮಾತಿನ ಕುಟುಂಬ ವಲಸೆ ಬಂದದ್ದಲ್ಲ, ಹೊರಗಿನದೂ ಅಲ್ಲ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಶಿವಾಜಿನಗರದ ಉರ್ದು ಮನೆಮಾತಿನವರದ್ದೂ ಇದೇ ಕಥೆ. ಇನ್ನು ‘ಹೊರಗಿನವರು’ ಅನ್ನುವುದು ಯಾರ ಕಡೆಯಿಂದ ನೋಡಿ ಹೇಳಿದ್ದು? ಊರಿನ ಹೊರಗೋ, ರಾಜ್ಯದ ಹೊರಗೋ? ಹಾಸನದವರಿಗೂ ಇಲ್ಲಿ ಯಾರೋ ಒಬ್ಬರು ಆ ಮಾತು ಅಂದಿರುತ್ತಾರೆ.

ಜನಗಣತಿ ಈ ವಿಷಯದಲ್ಲಿ ನಮಗಿಂತ ಜಾಣತನ ತೋರಿಸಿದೆ. ಹುಟ್ಟಿದ ಊರು ಯಾವುದು, ಹಿಂದೆ ವಾಸವಿದ್ದ ಊರು ಯಾವುದು ಎಂಬುದು ಒಂದು ಕಡೆ. ಮಾತೃಭಾಷೆ ಯಾವುದು ಎಂಬುದು ಇನ್ನೊಂದು ಕಡೆ. ಗೊತ್ತಿರುವ ಬೇರೆ ಭಾಷೆಗಳು ಯಾವುವು ಎಂಬುದು ಮತ್ತೊಂದು ಪ್ರಶ್ನೆ. ಮೂರನ್ನೂ ಬೇರೆ ಬೇರೆ ಕೇಳುತ್ತಾರೆ. ನೀವು ಮಾತೃಭಾಷೆಯ ಕೋಷ್ಟಕದಿಂದ ಅಂಕಿ ತೆಗೆದು ‘ವಲಸಿಗರು’ ಎಂಬ ಪದದ ಪಕ್ಕ ಇಟ್ಟರೆ, ಅಂಕಿ ಸರಿ ಇದ್ದೂ ವಾಕ್ಯ ಸುಳ್ಳಾಗುತ್ತದೆ. ‘ಕನ್ನಡ ಮಾತೃಭಾಷೆ ಅಲ್ಲದವರು’ ಎಂದರೆ ‘ಕನ್ನಡ ಬಾರದವರು’ ಎಂದೂ ಅಲ್ಲ.

ರಿಪೇರಿ: ಒಂದು ಪದ ಆರಿಸಿಕೊಳ್ಳಿ. ಮೊದಲ ಸಲ ಬಂದಾಗ ಅದರ ಅಳತೆ ಹೇಳಿ. ‘ಈ ಪ್ರಬಂಧದಲ್ಲಿ ವಲಸಿಗರು ಎಂದರೆ ಬೇರೆ ಜಿಲ್ಲೆಯಲ್ಲಿ ಹುಟ್ಟಿ ಈಗ ಬೆಂಗಳೂರು ನಗರ ಜಿಲ್ಲೆಯಲ್ಲಿ ವಾಸಿಸುವವರು.’ ಆಮೇಲೆ ಒಂದೇ ಪುಟದಲ್ಲಿ ಹತ್ತು ಸಲ ಬಂದರೂ ಅದನ್ನೇ ಬರೆಯಿರಿ. ಓದುವವರಿಗೆ ಬೇಜಾರಾಗುತ್ತದೆ ಎಂಬ ಚಿಂತೆ ಬೇಡ. ಪದ ಬದಲಾದರೆ ವಿಷಯವೂ ಬದಲಾಯಿತು ಎಂದು ಅವರು ತಿಳಿಯುತ್ತಾರೆ.

ಸಂಖ್ಯೆ ಹೇಳದ ಬಹುವಚನವೂ ಇದರ ತಮ್ಮನೇ. ‘ವಿದ್ಯಾರ್ಥಿಗಳು ಓದುವುದನ್ನು ಬಿಟ್ಟಿದ್ದಾರೆ’ ಎಂದರೆ ಎಲ್ಲರೂ ಎಂದೇ ಅರ್ಥ ಬರುತ್ತದೆ. ‘ಕೆಲವರು’, ‘ಬಹುಪಾಲು’, ‘ನಾನು ಮಾತನಾಡಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು’, ನಿಮಗೆ ಗೊತ್ತಿರುವುದನ್ನು ಸೇರಿಸಿ.

ಲಕ್ಷಣ: ಕ್ರಿಯಾಪದದ ತೂಕ ತಪ್ಪಿದೆ

‘ಸಾಬೀತುಪಡಿಸುತ್ತದೆ’ ಎಂಬುದನ್ನು ನಾನು ಕಂಡ ಕಡೆಯಲ್ಲೆಲ್ಲ ಅಡಿಗೆರೆ ಎಳೆಯುತ್ತೇನೆ. ಬೆಳ್ಳಂದೂರು ಕೆರೆಯ ಕಡೆ 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಂಕಿ ಕಾಣಿಸಿಕೊಂಡಿತು. ಒಣ ಹುಲ್ಲು, ಕಸಕ್ಕೆ ಹಚ್ಚಿದ ಬೆಂಕಿ, ಕೊಳಚೆಯಿಂದ ಹುಟ್ಟುವ ಮೀಥೇನ್ ಎಂದು ಬೇರೆ ಬೇರೆ ವಿವರಣೆಗಳು ಬಂದವು. ಹೀಗಿರುವಾಗ ಬೆಂಕಿ ಒತ್ತುವರಿಯನ್ನು ‘ಸಾಬೀತುಪಡಿಸುವುದು’ ಹೇಗೆ? ಸಂಬಂಧವೇ ಇಲ್ಲ. ಅದೇ ಕೆರೆಯಲ್ಲಿ ಏಳುವ ನೊರೆಯ ವಿಷಯ ಹಾಗಲ್ಲ. ಬಟ್ಟೆ, ಪಾತ್ರೆ ತೊಳೆಯುವ ಪುಡಿಯ ಅಂಶ ಇರುವ ಕೊಳಚೆ ನೀರು ಸಂಸ್ಕರಣೆಯಾಗದೆ ಕೆರೆಗೆ ಸೇರುತ್ತದೆ. ಕೋಡಿಯಲ್ಲಿ ಧುಮುಕುವಾಗ ಕಡೆದು ನೊರೆಯೇಳುತ್ತದೆ. ಇಲ್ಲಿ ‘ಇದಕ್ಕೆ ಕಾರಣ’ ಎಂದು ಧೈರ್ಯವಾಗಿ ಬರೆಯಬಹುದು.

ಬೇರೆಯವರ ಮಾತು ಉಲ್ಲೇಖಿಸುವಾಗಲೂ ಇದೇ ಎಚ್ಚರ. ಸಮಿತಿ ಶಿಫಾರಸು ಮಾಡುತ್ತದೆ, ಆದೇಶ ಕೊಡುವುದಿಲ್ಲ. ನ್ಯಾಯಾಲಯ ಆದೇಶ ಕೊಡುತ್ತದೆ, ಸಲಹೆ ಕೊಡುವುದು ಅಪರೂಪ. ಸಮೀಕ್ಷೆ ಎಣಿಸುತ್ತದೆ. ವಿದ್ವಾಂಸರು ವಾದಿಸುತ್ತಾರೆ. ಎಲ್ಲರಿಗೂ ‘ಹೇಳಿದ್ದಾರೆ’ ಹಚ್ಚಿದರೆ ಸುಳ್ಳೇನೂ ಆಗುವುದಿಲ್ಲ, ಆದರೆ ಯಾರ ಮಾತಿಗೆ ಎಷ್ಟು ಬೆಲೆ ಎಂಬುದು ಓದುಗರಿಗೆ ಸಿಗುವುದಿಲ್ಲ.

ಇದರ ತದ್ವಿರುದ್ಧ ಕಾಯಿಲೆಯೂ ಉಂಟು. ‘ಬಹುಶಃ ಇದು ಒಂದು ಕಾರಣವಿರಬಹುದೇನೋ ಎಂದು ಅನಿಸುತ್ತದೆ.’ ಒಂದೇ ವಾಕ್ಯದಲ್ಲಿ ನಾಲ್ಕು ಸಲ ಹಿಂದೇಟು. ಒಂದು ಸಾಕು.

ರಿಪೇರಿಯಾದ ಮೇಲೆ

“ಬೆಂಗಳೂರಿನ ಕೆರೆಗಳಿಗೆ ಆದ ಹಾನಿಯಲ್ಲಿ ಎರಡು ಬಗೆಯನ್ನು ಬೇರೆ ಮಾಡಿ ನೋಡಬೇಕು. ಧರ್ಮಾಂಬುಧಿ, ಸಂಪಂಗಿ ಕೆರೆಗಳ ಅಂಗಳವನ್ನು ಆಡಳಿತವೇ ಬಸ್ ನಿಲ್ದಾಣಕ್ಕೆ, ಕ್ರೀಡಾಂಗಣಕ್ಕೆ ಬಳಸಿತು. ಬೆಳ್ಳಂದೂರು ಕೆರೆ ಉಳಿದಿದೆ, ಆದರೆ ಸಂಸ್ಕರಿಸದ ಕೊಳಚೆ ನೀರು ಸೇರಿ ಕೆಟ್ಟಿದೆ. ಮೊದಲ ಬಗೆಯ ಹಾನಿಗೆ ಒತ್ತುವರಿ ತೆರವು ಪರಿಹಾರವಾಗುವುದಿಲ್ಲ. ಎರಡನೆಯದಕ್ಕೆ ಕೊಳಚೆ ನೀರನ್ನು ಕೆರೆಗೆ ಬರುವ ಮುಂಚೆಯೇ ಸಂಸ್ಕರಿಸಬೇಕು.”

ನಗರ ಬೆಳೆದ ವಾಕ್ಯ ಎಲ್ಲಿ ಹೋಯಿತು ಅಂತ ಕೇಳುತ್ತೀರಿ. ಮೊದಲು ಅದನ್ನು ಸರಿಮಾಡಿದೆ. 2001ರಲ್ಲಿ 65.37 ಲಕ್ಷ ಇದ್ದ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 96.21 ಲಕ್ಷ ಆಯಿತು ಎಂದು ಬರೆದೆ. ಬರೆದ ಮೇಲೆ ಗೊತ್ತಾಯಿತು, ಧರ್ಮಾಂಬುಧಿಯೂ ಸಂಪಂಗಿಯೂ 2001ಕ್ಕೆ ಎಷ್ಟೋ ಮುಂಚೆಯೇ ಹೋಗಿದ್ದವು. ಆ ಹತ್ತು ವರ್ಷದ ಅಂಕಿಗೂ ಅವುಗಳಿಗೂ ಸಂಬಂಧವಿಲ್ಲ. ‘ಇತ್ತೀಚಿನ ದಿನಗಳಲ್ಲಿ’ ಎಂದು ಇದ್ದಾಗ ಈ ಬಿರುಕು ಕಾಣುತ್ತಲೇ ಇರಲಿಲ್ಲ. ವಾಕ್ಯವನ್ನು ತೆಗೆದುಹಾಕಿದೆ.

ಲಕ್ಷಣ: ದಿನಬಳಕೆಯ ಪದ, ಕಡತದ ಅರ್ಥ

ಕೆಲವು ಪದಗಳಿಗೆ ಮನೆಯಲ್ಲಿ ಒಂದು ಅರ್ಥ, ಕಚೇರಿಯಲ್ಲಿ ಇನ್ನೊಂದು. ‘ಬರ’ ಅಂಥದ್ದು. ಸರ್ಕಾರ ತಾಲ್ಲೂಕುವಾರು ಘೋಷಿಸಿದಾಗ ಮಾತ್ರ ಕಡತದಲ್ಲಿ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಹಂತ ಹಂತವಾಗಿ ಬರಪೀಡಿತ ಎಂದು ಘೋಷಿಸಿದರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದದ್ದನ್ನು ‘ನೀರಿನ ಕೊರತೆ’ ಎಂದರೆ ಸರಿ. ಎರಡರ ನಡುವೆ ನಂಟಿದೆ, ಆದರೆ ಎರಡೂ ಒಂದೇ ಅಲ್ಲ.

‘ಹಿಂದುಳಿದ’ ಇನ್ನೂ ಕಷ್ಟದ್ದು. ಹಿಂದುಳಿದ ವರ್ಗ ಬೇರೆ, ಹಿಂದುಳಿದ ತಾಲ್ಲೂಕು ಬೇರೆ. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಬಂದ ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಆಗಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತು. ಅದರೊಳಗೂ ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35 ಎಂದು ಮೂರು ದರ್ಜೆ. ಆ ವರದಿಯನ್ನು ಉಲ್ಲೇಖಿಸುತ್ತಾ ‘ತೀರಾ ಹಿಂದುಳಿದ’ ಎಂದು ನಿಮ್ಮದೇ ವಿಶೇಷಣ ಹಾಕಿದರೆ ಯಾವ ದರ್ಜೆ ಎಂದು ಯಾರಿಗೂ ತಿಳಿಯದು.

‘ರಾಜಕಾಲುವೆ’ ಮತ್ತು ‘ಒಳಚರಂಡಿ’ ಅದಲುಬದಲಾಗುವುದೂ ಸಾಮಾನ್ಯ. ರಾಜಕಾಲುವೆ ಮಳೆನೀರಿನದ್ದು, 2025ರವರೆಗೆ ನೋಡಿಕೊಳ್ಳುತ್ತಿದ್ದದ್ದು ಬಿಬಿಎಂಪಿ. ಒಳಚರಂಡಿ ಕೊಳಚೆಯದ್ದು, ನೋಡಿಕೊಳ್ಳುವುದು ಜಲಮಂಡಳಿ. ತಪ್ಪು ಪದ ಬರೆದರೆ ತಪ್ಪು ಇಲಾಖೆಯನ್ನು ಬೈದಂತಾಗುತ್ತದೆ.

ಶೇಕಡಾವಾರು ಲೆಕ್ಕದ್ದೂ ಒಂದು ಮಾತು. ಕರ್ನಾಟಕದ ಸಾಕ್ಷರತೆ 2001ರಲ್ಲಿ ಶೇ 66.64, 2011ರಲ್ಲಿ ಶೇ 75.36. ‘ಶೇ 8.72ರಷ್ಟು ಏರಿತು’ ಎಂದರೆ ತಪ್ಪು ಅರ್ಥ ಬರುತ್ತದೆ. ಹಳೆಯ ಪ್ರಮಾಣಕ್ಕೆ ಹೋಲಿಸಿದರೆ ಏರಿಕೆ ಸುಮಾರು ಶೇ 13. ತಲೆಕೆಡಿಸಿಕೊಳ್ಳದೆ ‘66.64ರಿಂದ 75.36ಕ್ಕೆ ಏರಿತು’ ಎಂದು ಎರಡೂ ಅಂಕಿ ಬರೆದುಬಿಡಿ.

ಲಕ್ಷಣ: ಆಯಾಮ, ನೆಲೆ, ಮುಖಾಮುಖಿ

ಇಂಥ ಪದ ಕಂಡರೆ ಅದನ್ನು ತೆಗೆದು ವಾಕ್ಯ ಓದಿ. ಏನೂ ಕಡಿಮೆಯಾಗದಿದ್ದರೆ ಮತ್ತೆ ಸೇರಿಸಬೇಡಿ.

ನಿಘಂಟಿನ ಸರದಿ

ಪ್ರಶ್ನೆಗೆ ಉತ್ತರ ಸಿಕ್ಕೂ ಪದ ಸಿಗದಿದ್ದಾಗ ನಿಘಂಟು ತೆಗೆಯಿರಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನಲ್ಲಿ ಪದದ ಜೊತೆ ಅದು ಬಳಕೆಯಾದ ವಾಕ್ಯಗಳೂ ಇವೆ. ಅರ್ಥಕ್ಕಿಂತ ಆ ವಾಕ್ಯಗಳೇ ಹೆಚ್ಚು ಕಲಿಸುತ್ತವೆ. ಕಿಟೆಲ್ ನಿಘಂಟು 1894ರದ್ದು. ಹಳೆಯ ಪಠ್ಯ ಓದುವಾಗ ಅದರಂಥದ್ದು ಇನ್ನೊಂದಿಲ್ಲ, ಇವತ್ತಿನ ಅರ್ಥಶಾಸ್ತ್ರದ ಪದಕ್ಕೆ ಅದನ್ನು ಕೇಳಬೇಡಿ. ಇಂಗ್ಲಿಷ್–ಕನ್ನಡ ನಿಘಂಟುಗಳು ಒಂದು ಪದಕ್ಕೆ ಐದಾರು ಸಮಾನಪದ ಸಾಲಾಗಿ ಕೊಡುತ್ತವೆ. ಅವು ಒಂದಕ್ಕೊಂದು ಸಮಾನ ಅಲ್ಲ. ಬೆಲೆ, ದರ, ವೆಚ್ಚ, ಮೌಲ್ಯ ನಾಲ್ಕೂ ಒಂದೇ ಎಂದುಕೊಂಡು ಬರೆದ ಅರ್ಥಶಾಸ್ತ್ರದ ಪ್ರಬಂಧವನ್ನು ತಿದ್ದುವುದು ಸಾಹಸವೇ ಸರಿ.

ಸಲ್ಲಿಸುವ ಮುಂಚೆ

ಇಡೀ ಪ್ರಬಂಧವನ್ನು ಮತ್ತೆ ಓದಲು ಸಮಯ ಇರುವುದಿಲ್ಲ, ಗೊತ್ತು. ಕಂಪ್ಯೂಟರಿನಲ್ಲಿ ಹುಡುಕಿ. ‘ಲಾಗಿದೆ’, ‘ಲಾಯಿತು’, ‘ಲ್ಪಟ್ಟ’, ‘ಪ್ರಭಾವ’, ‘ಅನೇಕ’, ‘ಇತ್ತೀಚಿನ’, ‘ಸೂಕ್ತ’, ‘ಸಾಬೀತು’. ‘ಇಂದ’ ಎಂದು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಅದು ಹಿಂದಿನ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ. ‘ದಿಂದ’, ‘ಯಿಂದ’, ‘ರಿಂದ’, ‘ನಿಂದ’ ಎಂದು ಬೇರೆ ಬೇರೆ ಹುಡುಕಬೇಕು. ಏನು ಹುಡುಕಿದರೂ ಸೊನ್ನೆ ಬರುತ್ತಿದ್ದರೆ ನಿಮ್ಮ ಬರಹ ಶುದ್ಧವಾಗಿದೆ ಎಂದು ಹಿಗ್ಗಬೇಡಿ. ಫೈಲು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿದ್ದು, ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕುತ್ತಿರಬಹುದು. ಫೈಲನ್ನು ಯೂನಿಕೋಡ್‌ಗೆ ಬದಲಿಸಿ. ಒತ್ತಕ್ಷರಗಳು ಮತ್ತು ಅರ್ಕಾವತ್ತು ಸರಿಯಾಗಿ ಬಂದಿವೆಯಾ ನೋಡಿಕೊಳ್ಳಿ. ಆಮೇಲೆ ಮತ್ತೆ ಹುಡುಕಿ.